ನಿಮ್ಮ ಮನೆ ನೀರಲ್ಲಿ ಬೇಳೆ ಬೇಯುತ್ತಾ?

"ಸಾರ್, ಯಾವ ರೇಜರ್ ತಗೊಳ್ಳಲಿ? ಬ್ರಷ್ಶು, ಸೋಪು ಎಲ್ಲಾ ಸೇರಿಸಿ ಒಂದು ಲಿಸ್ಟ್ ಕಳಿಸಿಬಿಡಿ."

ಆಫೀಸಿನ ಲಿಫ್ಟಲ್ಲಿ ಕೇಳುತ್ತಾರೆ. ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು, ಪಾಯಸ ಬರೋ ಹೊತ್ತಿಗೆ ಕೇಳುತ್ತಾರೆ. ಬ್ರಷ್ಷಲ್ಲಿ ನೊರೆ ಎಬ್ಬಿಸಿ, ಎರಡು ಕಡೆ ಅಂಚಿರುವ ಬ್ಲೇಡು ಹಾಕಿ ಗಡ್ಡ ಹೆರೆದುಕೊಳ್ಳುತ್ತೇನೆ ಅಂತ ಯಾವಾಗಲೋ ಒಮ್ಮೆ ಬಾಯಿ ಬಿಟ್ಟೆ. ಆವತ್ತಿನಿಂದ ಇದೇ ಗೋಳು. ಅದಕ್ಕೇ ಬರೆದಿಡುತ್ತಿದ್ದೇನೆ. ಮೊದಲು ಉತ್ತರ ಕೊಡುತ್ತೇನೆ, ಆಮೇಲೆ ಬೈಯುತ್ತೇನೆ.

ರೇಜರ್: ಬ್ಲೇಡಿನ ಕೆಳಗಿನ ತಟ್ಟೆಗೆ ಬಾಚಣಿಗೆಯಂಥ ಹಲ್ಲು ಇರಬಾರದು, ಅಂಚು ನೇರವಾಗಿರಬೇಕು. ಜರ್ಮನಿಯ ಮ್ಯೂಲೆ ಆರ್89 ಅಂಥದ್ದು. ಅದೇ ಕಂಪನಿಯ ಹಲ್ಲಿರುವ ಆರ್41 ಚೆನ್ನಾಗಿ ಕಾಣುತ್ತೆ ಅಂತ ತಗೊಂಡು ಬಂದು, ಕೆನ್ನೆ ಕೊಯ್ದುಕೊಂಡು ನನಗೆ ಫೋನ್ ಮಾಡಬೇಡಿ. ಅಷ್ಟು ದುಡ್ಡು ಯಾಕೆ ಅನ್ನಿಸಿದರೆ ಊರಿನ ಫ್ಯಾನ್ಸಿ ಸ್ಟೋರಿನ ರೇಜರೂ ನಡೆಯುತ್ತೆ. ಈ ಥರದ ರೇಜರಿಗೆ ಜಿಲೆಟ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಉಪಾಯ ಇವತ್ತಿಗೂ ಅದೇ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳ್ಳಗಿನ ಬ್ಲೇಡನ್ನು ಎರಡು ತಟ್ಟೆಗಳ ನಡುವೆ ಬಗ್ಗಿಸಿ ಹಿಡಿದರೆ ಅದು ಸೆಟೆದು ನಿಲ್ಲುತ್ತೆ. ಅಷ್ಟೇ.

ಬ್ಲೇಡು: ಮೂರು ಬೇರೆ ಬೇರೆ ಕಂಪನಿಯ ಐದೈದರ ಪೊಟ್ಟಣ ತಗೊಳ್ಳಿ. ಯಾವುದು ಸರಿ ಅಂತ ನಿಮ್ಮ ಕೆನ್ನೆ ಹೇಳುತ್ತೆ, ನಾನಲ್ಲ.

ಬ್ರಷ್ಷು ಅಂದ ತಕ್ಷಣ "ಬ್ಯಾಡ್ಜರ್ ಕೂದಲೇ ಬೇಕಾ?" ಅನ್ನುತ್ತಾರೆ. ಬೇಡ. ಅಂದಹಾಗೆ ಅದು ಇಂಗ್ಲಿಷಲ್ಲಿ ಹನಿ ಬ್ಯಾಡ್ಜರ್ ಅನ್ನೋ ನಮ್ಮ ಕಾಡಿನ ತರಕರಡಿ ಅಲ್ಲ, ಬೇರೆ ಪ್ರಾಣಿ. ಇನ್ನೊಂದು ಹಂದಿ ಕೂದಲಿನದು. ಬೆಲೆ ಕಡಿಮೆ, ಒಳ್ಳೇ ಬ್ರಷ್ಷೇ. ಆದರೆ ಬಳಸುವ ಮುಂಚೆ ಸ್ವಲ್ಪ ಹೊತ್ತು ನೆನೆಸಿಡಬೇಕು. ನಾನೂ ಒಂದು ತಂದಿದ್ದೆ. ಏನದು ಅಂತ ಅಜ್ಜಿ ಕೇಳಿದಳು. ನಾನು ಪೆದ್ದನ ಹಾಗೆ ನಿಜ ಹೇಳಿದೆ. ಆಮೇಲೆ ಆ ಬ್ರಷ್ಷು ನಾಲ್ಕು ವರ್ಷ ಸ್ಕೂಟರಿನ ಡಿಕ್ಕಿಯಲ್ಲಿ ಸಂಸಾರ ಮಾಡಿತು. ನೀವು ಸಿಂಥೆಟಿಕ್ ತಗೊಳ್ಳಿ. ನೆನೆಸೋ ಕೆಲಸವಿಲ್ಲ, ಬೇಗ ಒಣಗುತ್ತೆ, ಅಜ್ಜಿಗೂ ಹೇಳಬಹುದು.

ಸೋಪು: ಮೈಗೆ ಹಚ್ಚೋ ಸೋಪು ಬೇಡ. ಅದರ ನೊರೆ ನಾಲ್ಕು ಎಳೆ ಹೆರೆಯೋದರೊಳಗೆ ಸತ್ತು ಹೋಗುತ್ತೆ. ಶೇವಿಂಗ್ ಸೋಪಿಗೆ ಸಾಮಾನ್ಯವಾಗಿ ಪೊಟ್ಯಾಶಿಯಂ ಕ್ಷಾರ, ಜಾಸ್ತಿ ಸ್ಟಿಯರಿಕ್ ಆಮ್ಲ ಹಾಕಿರುತ್ತಾರೆ. ಅದಕ್ಕೇ ಅದರ ನೊರೆ ಬೆಣ್ಣೆ ಹಾಗೆ ಕೂರುತ್ತೆ. ಸಸ್ಯಾಹಾರಿಗಳಾದರೆ ಡಬ್ಬಿ ತಿರುಗಿಸಿ ಓದಿ. ಟ್ಯಾಲೋವೇಟ್ ಅಂತ ಇದ್ದರೆ ಅದು ಪ್ರಾಣಿಯ ಕೊಬ್ಬು. ಹೊಸಬರಿಗೆ ಟ್ಯೂಬಿನ ಕ್ರೀಮೇ ಸುಲಭ.

ಆಯ್ತಲ್ವಾ? ಇಷ್ಟು ಹೇಳಿದರೂ ಮುಂದಿನ ಮಾತು ಒಂದೇ. "ಅದೆಲ್ಲ ಸರಿ ಸಾರ್, ಬೆಸ್ಟ್ ಯಾವುದು?"

ಈ ಬೆಸ್ಟ್ ಅನ್ನೋ ಪದ ಕೇಳಿದರೆ ನನಗೆ ಮೈ ಉರಿಯುತ್ತೆ. ನೀವು ಕೇಳಬೇಕಾಗಿದ್ದು ನೀರಿನ ವಿಷಯ. ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ಅದಕ್ಕೆ ದಂಡ ಕಟ್ಟಿದವನು ನನ್ನ ಅಕ್ಕನ ಮಗ.

ಅವನ ಮದುವೆ ಕೋಲಾರದ ಕಡೆ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ರಾತ್ರಿಯೇ "ಮಾವ, ನಾಳೆ ನೀವೇ ಶೇವ್ ಮಾಡ್ಬೇಕು" ಅಂದಿದ್ದ. ನನಗೋ ಎಲ್ಲಿಲ್ಲದ ಹಿಗ್ಗು. ಬೆಳಿಗ್ಗೆ ಐದಕ್ಕೆ ಬಾತ್‌ರೂಮಿನ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆ. ಇಟಲಿಯ ಸೋಪು, ಜಪಾನಿನ ಬ್ಲೇಡು, ಹೆಗಲ ಮೇಲೆ ಟವೆಲ್ಲು. ವರನ ಗೆಳೆಯರು ಮೊಬೈಲ್ ಹಿಡಿದು ನಿಂತಿದ್ದರು. ಬ್ರಷ್ಷು ತಿರುಗಿಸಿದೆ, ತಿರುಗಿಸಿದೆ. ಹತ್ತು ನಿಮಿಷ ಆದರೂ ನೊರೆ ಇಲ್ಲ. ಬಟ್ಟಲಲ್ಲಿ ಒಡೆದ ಹಾಲಿನ ಹಾಗೆ ಬಿಳೀ ತುಣುಕು, ಸುತ್ತ ಬೂದು ನೀರು. ಸೋಪು ಇನ್ನೂ ತಿಕ್ಕಿದೆ. ತುಣುಕು ಜಾಸ್ತಿ ಆಯಿತು. ಇಷ್ಟು ಜನರ ಮುಂದೆ ಸೋಲೊಪ್ಪೋದು ಹೇಗೆ? ಆ ನೀರು ನೀರು ನೊರೆಯಲ್ಲೇ ಶುರು ಮಾಡಿದೆ. ಗದ್ದದ ಹತ್ತಿರ ಬ್ಲೇಡು ತಡೆಯಿತು. ನಾನು ಒತ್ತಿದೆ.

ರಕ್ತ ಏನು ಮಹಾ ಬಂದಿರಲಿಲ್ಲ. ಆದರೆ ಮದುವೆ ಮನೇಲಿ ಅಷ್ಟು ಸಾಕು.

ಓಲಗದವರ ಜೊತೆ ಡೋಲು ಬಾರಿಸೋಕೆ ಬಂದಿದ್ದ ಹಿರಿಯರೊಬ್ಬರು ಕಾಫಿ ಕುಡಿಯುತ್ತಾ ಎಲ್ಲಾ ನೋಡುತ್ತಿದ್ದರು. ಊರಲ್ಲಿ ಅವರದ್ದು ಸಲೂನು. ಹತ್ತಿರ ಬಂದು ಬಟ್ಟಲಿಗೆ ಬೆರಳು ಅದ್ದಿ, ಉಜ್ಜಿ ನೋಡಿದರು. "ಸಾಮಿ, ಇದು ಬೋರ್ ನೀರು. ಇದ್ರಲ್ಲಿ ಬೇಳೇನೇ ಬೇಯಲ್ಲ, ನೊರೆ ಎಲ್ಲಿಂದ ಬತ್ತದೆ? ಊಟದ ಮನೆಯಿಂದ ಒಂದು ಚೊಂಬು ಕ್ಯಾನ್ ನೀರು ಕಾಯಿಸಿ ತರ್ಸಿ."

ನೀರು ಬಂತು. ಮೊದಲು ಗಾಯಕ್ಕೆ ಪಟಿಕ ಒತ್ತಿದರು. ಬಿಸಿನೀರಲ್ಲಿ ಟವೆಲ್ಲು ಹಿಂಡಿ ಮುಖಕ್ಕೆ ಸುತ್ತಿ, ಮೂರು ನಿಮಿಷ ಸುಮ್ನೆ ಎಲೆ ಅಡಿಕೆ ಜಗಿಯುತ್ತಾ ನಿಂತರು. ಆಮೇಲೆ ನನ್ನದೇ ಸೋಪು, ನನ್ನದೇ ಬ್ರಷ್ಷು. ಒಂದೇ ನಿಮಿಷಕ್ಕೆ ಬಟ್ಟಲು ತುಂಬಾ ನೊರೆ. ನನ್ನ ರೇಜರ್ ಮುಟ್ಟಲಿಲ್ಲ. ಜೇಬಿಂದ ತಮ್ಮ ಕತ್ತಿ ತೆಗೆದು, ಹೊಸ ಬ್ಲೇಡನ್ನು ಎರಡಾಗಿ ಮುರಿದು ಅರ್ಧ ಸಿಕ್ಕಿಸಿದರು. ಕತ್ತಿ ಇಡುವ ಮುಂಚೆ ಹುಡುಗನ ಕತ್ತಿನ ಮೇಲೆ ಬೆರಳ ತುದಿ ಆಡಿಸಿದರು. ಕೂದಲು ಕೆನ್ನೆಯಲ್ಲಿ ಕೆಳಕ್ಕೆ, ಗದ್ದದ ಕೆಳಗೆ ಅಡ್ಡಡ್ಡ. ಅದು ಹೋದ ಕಡೆಗೇ ಇವರ ಕತ್ತಿಯೂ ಹೋಯಿತು. ಎಡಗೈ ಹೆಬ್ಬೆಟ್ಟಿನಲ್ಲಿ ಚರ್ಮ ಎಳೆದು ಹಿಡಿಯೋದು, ಸರ್ ಅಂತ ಒಂದು ಸದ್ದು, ಮತ್ತೆ ಎಳೆಯೋದು. ಮೊಬೈಲ್ ಹಿಡಿದವರೆಲ್ಲ ಈಗ ಅವರನ್ನೇ ತೆಗೆಯುತ್ತಿದ್ದರು.

ಆಮೇಲೆ ಕೂತು ಓದಿದ ಮೇಲೆ ಗೊತ್ತಾಯಿತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಶಿಯಂ ಸೋಪಿನ ಜೊತೆ ಸೇರಿ ಕರಗದ ಗಸಿ ಆಗುತ್ತೆ. ಬಕೆಟ್ಟಿನ ಅಂಚಿಗೆ ಬೂದು ಪಟ್ಟೆ ಕಟ್ಟುತ್ತಲ್ವಾ, ಅದೇ. ಆ ಬೇಡಿಕೆ ತೀರಿದ ಮೇಲೆ ಉಳಿದ ಸೋಪಿಗೆ ಮಾತ್ರ ನೊರೆ. ಕುದಿಸಿದರೆ ಒಂದಷ್ಟು ಗಡಸು ಹೋಗಿ ಹಂಡೆಯ ಒಳಗೆ ಬೆಳ್ಳಗೆ ಪೊರೆ ಕಟ್ಟುತ್ತೆ, ಎಲ್ಲಾ ಹೋಗಲ್ಲ. ತೊಗರಿಬೇಳೆ ಕರಗದಂತೆ ಹಿಡಿದಿಡೋದೂ ಇದೇ ಕ್ಯಾಲ್ಸಿಯಂ. ಬೆಂಗಳೂರಲ್ಲಿ ನಮ್ಮ ಮನೆಗೆ ಕಾವೇರಿ ನೀರು. ಇಷ್ಟು ವರ್ಷ ನನ್ನ ಕೈಚಳಕ ಅಂದುಕೊಂಡಿದ್ದು ಅರ್ಧ ಪಾಲು ನಲ್ಲಿಯದು.

ಕಾಶಿಯಾತ್ರೆಯ ಫೋಟೋದಲ್ಲಿ ಕೊಡೆ, ಕೋಲು, ಗದ್ದದ ಮೇಲೆ ಒಂದು ಚೂರು ಹತ್ತಿ. ಆಲ್ಬಮ್ ತೆಗೆದಾಗಲೆಲ್ಲ ಅಕ್ಕ ಆ ಪುಟದಲ್ಲಿ ನಿಂತು ನನ್ನ ಕಡೆ ನೋಡುತ್ತಾಳೆ.

ಹೋದ ತಿಂಗಳು ಅದೇ ಹುಡುಗನ ಫೋನು. "ಮಾವ, ಹೊಸ ಅಪಾರ್ಟ್‌ಮೆಂಟಿಗೆ ಬಂದ್ವಿ. ಟ್ಯಾಂಕರ್ ನೀರು. ಇಲ್ಲಿಗೆ ಬಂದ ಮೇಲೆ ಶೇವ್ ಮಾಡಿದ್ರೆ ಉರಿ. ಬೇರೆ ರೇಜರ್ ತಗೊಳ್ಲಾ?"

"ಬೇಳೆಗೆ ಎಷ್ಟು ಸೀಟಿ ಹಾಕಿಸ್ತೀರೋ?"

"ಆರು. ಆದ್ರೂ ಕಾಳು ಕಾಳಾಗೇ ಇರುತ್ತೆ."

"ಕ್ಯಾನ್ ನೀರು ಒಂದು ಲೋಟ ಬಿಸಿ ಮಾಡ್ಕೋ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಶೇವಿಂಗಿಗಾ, ಬೇಳೆಗಾ ಮಾವ?"