ತೋಟದಲ್ಲೋ ಹಳ್ಳದಲ್ಲೋ ಕಳೆದ ಉಂಗುರ: ಡಿಟೆಕ್ಟರ್ ಹಿಡಿಯುವವರಿಗೆ

ಮದುವೆ ಉಂಗುರ ಕಳೆದುಕೊಂಡವರು ಮೆಟಲ್ ಡಿಟೆಕ್ಟರ್ ತರಿಸಬೇಕೆಂದಾಗ ಮೊದಲು ಕೇಳುವುದು ‘ಎಷ್ಟು ಅಡಿ ಆಳದವರೆಗೆ ಹಿಡಿಯುತ್ತೆ?’ ಎಂದು. ಈ ಕೆಲಸಕ್ಕೆ ಅದು ಬೇಡದ ಪ್ರಶ್ನೆ. ನಿನ್ನೆ ಮೊನ್ನೆ ಬಿದ್ದ ಉಂಗುರ ಮಣ್ಣಿನ ಮೇಲೆಯೇ ಇರುತ್ತದೆ: ಹುಲ್ಲಿನ ಬುಡದಲ್ಲಿ, ತರಗೆಲೆಯ ಕೆಳಗೆ, ಹೆಚ್ಚೆಂದರೆ ಎರಡು ಮೂರು ಸೆಂಟಿಮೀಟರ್ ಒಳಗೆ. ಅಷ್ಟನ್ನು ಸಾಧಾರಣ ಯಂತ್ರವೂ ಹಿಡಿಯುತ್ತದೆ. ಹುಡುಕಾಟ ಸೋಲುವುದು ಯಂತ್ರದ ಬಲ ಸಾಲದೆ ಅಲ್ಲ. ಎರಡು ಎಕರೆ ತೋಟದಲ್ಲಿ ಎಲ್ಲಿ ಹುಡುಕಬೇಕೆಂದು ಯಾರೂ ಕೂತು ಯೋಚಿಸದೇ ಇರುವುದರಿಂದ.

ಬಿದ್ದದ್ದು ಗೊತ್ತಾದ ಕೂಡಲೇ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಹುಲ್ಲು ಸವರಿಸಬೇಡಿ. ಕಳೆ ಹೊಡೆಯುವ ಯಂತ್ರದ ಬ್ಲೇಡು ತಗುಲಿದರೆ ಉಂಗುರ ತುಂಡಾಗುತ್ತದೆ, ಇಲ್ಲವೇ ಎಲ್ಲಿಗೋ ಸಿಡಿಯುತ್ತದೆ. ಕುಂಟೆ ಎಳೆಯಬೇಡಿ, ಟಿಲ್ಲರ್ ಬಿಡಬೇಡಿ, ಹತ್ತು ಜನ ಸೇರಿ ತುಳಿಯಬೇಡಿ. ಕಳೆದುಕೊಂಡವರು ನಿಂತಿದ್ದ ಜಾಗಕ್ಕೆ ಒಂದು ಗೂಟ ಹೊಡೆದು, ಫೋನಿನಲ್ಲಿ ಲೊಕೇಶನ್ ಉಳಿಸಿ, ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ. ಮಳೆಗಾಲದಲ್ಲಿ ವಾರ ಕಳೆದರೆ ಅದೇ ಜಾಗ ಗುರುತೇ ಸಿಗದಷ್ಟು ಬೆಳೆದುಬಿಡುತ್ತದೆ.

ಆಮೇಲೆ ವಿಚಾರಣೆ. ಉಂಗುರ ಕೊನೆಯ ಸಲ ಬೆರಳಲ್ಲಿ ಕಂಡದ್ದು ಯಾವಾಗ? ಇದಕ್ಕೆ ನೆನಪಿಗಿಂತ ಫೋನಿನ ಫೋಟೋಗಳೇ ನಂಬಿಕಸ್ತ ಸಾಕ್ಷಿ. ಕೈ ಕಾಣುವ ಕೊನೆಯ ಫೋಟೋದ ಸಮಯ ನೋಡಿ. ಯಾವ ಕೈ? ಆ ಕೈಯಿಂದ ಏನು ಮಾಡಿದಿರಿ: ಏನನ್ನಾದರೂ ಎಸೆದಿರಾ, ಒದ್ದೆ ಕೈ ಝಾಡಿಸಿದಿರಾ, ಗ್ಲೌಸ್ ಕಳಚಿದಿರಾ? ಚಳಿಗೆ ಬೆರಳು ಸಣ್ಣಗಾಗುತ್ತದೆ. ಡಿಸೆಂಬರ್ ಬೆಳಗ್ಗೆ ಮುಳ್ಳಯ್ಯನಗಿರಿಯ ಗಾಳಿಗೋ ಹೊನ್ನಮ್ಮನ ಹಳ್ಳದ ನೀರಿಗೋ ಕೈಯೊಡ್ಡಿದರೆ ಮನೆಯಲ್ಲಿ ಬಿಗಿಯಾಗಿದ್ದ ಉಂಗುರ ಅಲ್ಲಿ ಸಡಿಲವಾಗಿರುತ್ತದೆ. ಯಂತ್ರ ಹೊರತೆಗೆಯುವ ಮೊದಲು ಗ್ಲೌಸಿನ ಬೆರಳುಗಳನ್ನು ಒಳಮಗ್ಗುಲು ಮಾಡಿ ನೋಡಿ. ಗಮ್‌ಬೂಟು, ಜರ್ಕಿನ್ ಜೇಬು, ಕಾರಿನ ಸೀಟಿನ ಸಂದು ತಡಕಿ. ವಾಷ್‌ಬೇಸಿನ್ನಿನ ಅನುಮಾನವಿದ್ದರೆ ನಲ್ಲಿ ಮುಚ್ಚಿ, ಕೆಳಗೆ ಬಕೆಟ್ ಇಟ್ಟು, ಬೇಸಿನ್ನಿನಡಿಯ ಕೊಳವೆಯ ಬಾಟಲ್ ಟ್ರ್ಯಾಪ್ ಬಿಚ್ಚಿದರೆ ಸಾಕು. ಅಲ್ಲಿ ಡಿಟೆಕ್ಟರಿಗೆ ಕೆಲಸವಿಲ್ಲ.

ಏನನ್ನೋ ಎಸೆಯುವಾಗ ಹಾರಿಹೋಗಿದ್ದರೆ ಒಂದು ಉಪಾಯವಿದೆ. ಹತ್ತು ಎಂಎಂ ಬೋಲ್ಟಿನ ವಾಷರ್ ಸುಮಾರು 4 ಗ್ರಾಂ ತೂಗುತ್ತದೆ, ಆಕಾರವೂ ಉಂಗುರದ್ದೇ. ಏಳೆಂಟು ವಾಷರಿಗೆ ಕೆಂಪು ಟೇಪಿನ ಚೂರು ಅಂಟಿಸಿ, ಕಳೆದುಕೊಂಡವರನ್ನೇ ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ರೀತಿ ಕೈ ಬೀಸಿ ಬಿಡಲು ಹೇಳಿ. ಅವು ಬಿದ್ದ ಕಡೆಯೆಲ್ಲ ಸೇರಿಸಿ ಒಂದು ವೃತ್ತ ಎಳೆದರೆ ಎರಡೆಕರೆ ಹೋಗಿ ಒಂದು ಅಂಗಳದಷ್ಟು ಜಾಗ ಉಳಿಯುತ್ತದೆ. ವಾಷರ್‌ಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಲು ಮರೆಯಬೇಡಿ, ಇಲ್ಲದಿದ್ದರೆ ಆಮೇಲೆ ಅವೇ ಕೂಗುತ್ತವೆ.

ಈಗ ಯಂತ್ರ. ಅದರ ಕೆಳತುದಿಯ ತಟ್ಟೆಯಲ್ಲಿರುವ ತಂತಿಸುರುಳಿ, ಅಂದರೆ ಕಾಯಿಲ್, ಹೊಮ್ಮಿಸುವ ಬದಲಾಗುವ ಕಾಂತಕ್ಷೇತ್ರ ಲೋಹದೊಳಗೆ ಸುಳಿವಿದ್ಯುತ್ ಹರಿಸುತ್ತದೆ. ಆ ವಿದ್ಯುತ್ತು ಹುಟ್ಟಿಸುವ ಸಣ್ಣ ಕಾಂತಕ್ಷೇತ್ರವನ್ನು ಇನ್ನೊಂದು ಕಾಯಿಲ್ ಹಿಡಿಯುತ್ತದೆ. ಉಂಗುರ ಮುಚ್ಚಿದ ಸುತ್ತು ಆದ್ದರಿಂದ ವಿದ್ಯುತ್ತು ಅದರಲ್ಲಿ ಸರಾಗವಾಗಿ ಸುತ್ತುತ್ತದೆ, ಸದ್ದು ಜೋರಾಗಿ ಬರುತ್ತದೆ. ಅದೇ ಉಂಗುರದ ಬೆಸುಗೆ ಬಿಟ್ಟಿದ್ದರೆ ಸದ್ದು ಅರ್ಧಕ್ಕರ್ಧ ಕುಗ್ಗಬಹುದು. ಸರದ ಪಾಡು ಇನ್ನೂ ಕಷ್ಟ. ಎಷ್ಟೇ ಗ್ರಾಂ ಇರಲಿ, ಯಂತ್ರಕ್ಕೆ ಅದು ನೂರಾರು ಪುಟ್ಟ ಕೊಂಡಿಗಳು ಮಾತ್ರ. ಮಾಂಗಲ್ಯದ ಸರ ಬಿದ್ದಿದ್ದರೆ ಕೇಳಿಸುವುದು ತಾಳಿ, ಗುಂಡು, ಕೊಕ್ಕೆಗಳ ಸದ್ದು, ಸರದ್ದಲ್ಲ. ಹಾಗಾಗಿ ಸರ ಹುಡುಕುವಾಗ ಸಣ್ಣ ಕಾಯಿಲ್ ಹಾಕಿ, ನೆಲಕ್ಕೆ ತಾಗಿದಂತೆ, ಇನ್ನೂ ನಿಧಾನವಾಗಿ ಹೋಗಬೇಕು. ಬೆಳ್ಳಿಯ ಕಾಲುಂಗುರ ಇದ್ದುದರಲ್ಲಿ ಸುಲಭ, ಯಾವ ಲೋಹವಿರಬಹುದೆಂದು ಸೂಚಿಸುವ ಪರದೆಯ ಅಂಕಿ ಎತ್ತರದಲ್ಲಿ ಬರುತ್ತದೆ.

ಚಿನ್ನದ ಅಂಕಿ ಹಾಗಲ್ಲ, ತೊಂದರೆಯೆಲ್ಲ ಅಲ್ಲೇ. 0ರಿಂದ 99ರ ಅಳತೆಯ ಯಂತ್ರಗಳಲ್ಲಿ ತೆಳು ಚಿನ್ನದ ಉಂಗುರ ಸಾಮಾನ್ಯವಾಗಿ 40ರಿಂದ 60ರ ಆಸುಪಾಸು ತೋರಿಸುತ್ತದೆ. ಮಾತ್ರೆ ಸ್ಟ್ರಿಪ್ಪಿನ ಫಾಯಿಲ್, ತಂಪು ಪಾನೀಯದ ಡಬ್ಬಿಯ ಕಿವಿ, ಮಡಿಚಿದ ಅಲ್ಯುಮಿನಿಯಂ ಚೂರು ಎಲ್ಲ ಕೂರುವುದೂ ಅಲ್ಲೇ. ಫಾಯಿಲ್ ಕೂಗದಂತೆ ಯಂತ್ರವನ್ನು ಹೊಂದಿಸಿದರೆ ಉಂಗುರವೂ ಕೂಗುವುದಿಲ್ಲ. ಕಬ್ಬಿಣವನ್ನು ಬೇಕಾದರೆ ಬಾಯಿ ಮುಚ್ಚಿಸಿ, ಮಿಕ್ಕ ಎಲ್ಲ ಸದ್ದನ್ನೂ ಬಗ್ಗಿ ನೋಡಲೇಬೇಕು. ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಸ್ಟೀಲಿನವಾದ್ದರಿಂದ ಅಂಕಿ ಅತ್ತಿತ್ತ ಕುಣಿಯುತ್ತದೆ. ಬೀರು ಬಾಟಲಿಯ ಮುಚ್ಚಳವೂ ಹಾಗೇ. ಉಂಗುರದ ಅಂಕಿ ಎರಡೂ ದಿಕ್ಕಿಗೆ ಬೀಸಿದಾಗ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ.

ಊಹೆ ಬೇಡವೆಂದರೆ ಜೋಡಿಯ ಇನ್ನೊಂದು ಉಂಗುರ ತರಿಸಿ. ನಿಶ್ಚಿತಾರ್ಥಕ್ಕೆ ಒಂದೇ ಅಂಗಡಿಯಲ್ಲಿ ಮಾಡಿಸಿದ ಜೋಡಿಯಾದರೆ ಲೋಹ ಒಂದೇ, ಅಗಲ ಹತ್ತಿರ ಹತ್ತಿರ. ಅದಕ್ಕೆ ಬಣ್ಣದ ದಾರ ಕಟ್ಟಿ (ಎರಡನೆಯದೂ ಕಳೆದರೆ ಮನೆಗೆ ಹೋಗುವ ಹಾಗಿಲ್ಲ) ಅದೇ ತೋಟದ ನೆಲದ ಮೇಲೆ ಮಲಗಿಸಿ ಒಮ್ಮೆ, ಅಂಚಿನ ಮೇಲೆ ನಿಲ್ಲಿಸಿ ಒಮ್ಮೆ, ತರಗೆಲೆ ಮುಚ್ಚಿ ಒಮ್ಮೆ ಕಾಯಿಲ್ ಆಡಿಸಿ. ಮೂರರ ಅಂಕಿಯನ್ನೂ ಸದ್ದನ್ನೂ ಗುರುತು ಮಾಡಿಕೊಳ್ಳಿ. ಮಲಗಿದ ಉಂಗುರಕ್ಕಿಂತ ನಿಂತ ಉಂಗುರದ ಸದ್ದು ಮೆಲು. ಜೋಡಿ ಉಂಗುರ ಇಲ್ಲದಿದ್ದರೆ ಅಷ್ಟೇ ತೂಕದ ಬೇರೊಂದು ಚಿನ್ನದ ಉಂಗುರ ಆದೀತು. ಪಂಚಲೋಹದ್ದು ಬೇಡ, ಅದರ ತಾಮ್ರ ದಾರಿ ತಪ್ಪಿಸುತ್ತದೆ.

ಚಿಕ್ಕಮಗಳೂರಿನ ಗುಡ್ಡದ ಕಡೆ ಇನ್ನೊಂದು ಕಾಟವಿದೆ, ನೆಲದ್ದೇ ಕಾಟ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹಿಂದೆ ಅದಿರು ಹೋಗುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ತೆಗೆದದ್ದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಬಾಬಾಬುಡನ್‌ಗಿರಿ ಸಾಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ತುಂಬಿರುವುದರಿಂದ ಏನೂ ಇಲ್ಲದ ಜಾಗದಲ್ಲೂ ಯಂತ್ರ ಗೊಣಗುತ್ತದೆ, ಒಂದೊಂದು ಜಂಬಿಟ್ಟಿಗೆ ಕಲ್ಲು ಲೋಹದ ಹಾಗೆಯೇ ಕೂಗುತ್ತದೆ. ಒಣ ಮಣ್ಣಿನಲ್ಲಿ ಮ್ಯಾಗ್ನೆಟ್ ಎಳೆದು ನೋಡಿ: ಕಪ್ಪು ಪುಡಿ ಗಡ್ಡದಂತೆ ಅಂಟಿಕೊಂಡರೆ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಗೊಣಗಾಟ ಅಡಗುವಂತೆ ಯಂತ್ರ ಹೊಂದಿಸುವುದು) ಮಾಡದೆ ಮುಂದೆ ಹೋಗಬೇಡಿ. ಲೋಹವಿಲ್ಲದ ಒಂದು ಜಾಗ ಆರಿಸಿಕೊಂಡು, ಕಾಯಿಲನ್ನು ನೆಲದಿಂದ ಮೂರು ಸೆಂಟಿಮೀಟರಿನಿಂದ ಒಂದು ಅಡಿವರೆಗೆ ಮೇಲೆ ಕೆಳಗೆ ಆಡಿಸುತ್ತಾ, ಸದ್ದು ಸಮವಾಗುವವರೆಗೆ ಹೊಂದಿಸಬೇಕು. ತೋಟದಿಂದ ಗದ್ದೆಗೆ ಇಳಿದರೆ ಮತ್ತೆ ಹೊಂದಿಸಬೇಕು. ಗ್ಯಾರೆಟ್ ಏಸ್ 250ರಂಥ ಯಂತ್ರಗಳಲ್ಲಿ ಇದು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಹಾಸನದ ಬಯಲು ಸೀಮೆ ತಾಲೂಕುಗಳಿಗೆ ನಡೆಯುತ್ತದೆ, ಗಿರಿಯ ಮಣ್ಣಿಗೆ ಕೈಯಿಂದ ಹೊಂದಿಸುವ ಅಥವಾ ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಬಳಸುವ ಯಂತ್ರ ವಾಸಿ. ಕಾಯಿಲ್ ಡಬಲ್ ಡಿ (ಎರಡು D ಆಕಾರದ ಸುರುಳಿ ಸೇರಿಸಿದ್ದು) ಇರಲಿ.

ಜನ ಮಾಡುವ ತಪ್ಪು, ಸೆನ್ಸಿಟಿವಿಟಿಯನ್ನು ತುದಿಗೆ ಏರಿಸುವುದು. ಹಾಗೆ ಏರಿಸಿದರೆ ಮಣ್ಣು, ಹಳೆಯ ಮೊಳೆ, ಒಂದಡಿ ಕೆಳಗಿನ ಕಬ್ಬಿಣದ ಚೂರು ಎಲ್ಲ ಒಟ್ಟಿಗೆ ಕೂಗಿ ತಲೆ ಕೆಡುತ್ತದೆ. ಮೇಲೇ ಇರುವ ಉಂಗುರಕ್ಕೆ ಅರ್ಧದಷ್ಟು ಸಾಕು. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಕಡೆ ಆನೆಗೆಂದು ಹಾಕಿದ ಸೋಲಾರ್ ಬೇಲಿ ಸುಮಾರು ಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಕಿವಿಯಲ್ಲಿ ಟಿಕ್ ಟಿಕ್ ನಿಲ್ಲುವುದೇ ಇಲ್ಲ. ಹುಡುಕುವಷ್ಟು ಹೊತ್ತು ಬೇಲಿ ಆಫ್ ಮಾಡಿಸಿ, ಪಂಪ್‌ಸೆಟ್ಟೂ ನಿಲ್ಲಿಸಿ, ಫೋನು ಬೇರೆಯವರ ಕೈಗೆ ಕೊಡಿ. ಆನೆ ಓಡಾಡುವ ಕಡೆ ಮುಂಜಾನೆ, ಮುಸ್ಸಂಜೆ ಇಳಿಯಬೇಡಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರಿಗೆ ಹಿಂದೆ ಏನು ನಿಂತಿದೆಯೆಂದು ತಿಳಿಯುವುದಿಲ್ಲ.

ಹುಡುಕುವ ಕ್ರಮ ಸರಳ, ತಾಳ್ಮೆ ಬೇಡುತ್ತದೆ. ಗೂಟ ಹೊಡೆದು ಹುರಿ ಕಟ್ಟಿ ಒಂದೊಂದು ಮೀಟರ್ ಅಗಲದ ಪಟ್ಟಿ ಮಾಡಿಕೊಳ್ಳಿ. ಕಾಯಿಲ್ ನೆಲಕ್ಕೆ ಸಮಾನಾಂತರವಾಗಿ, ಒಂದೆರಡು ಸೆಂಟಿಮೀಟರ್ ಎತ್ತರದಲ್ಲಿ, ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಒಂದು, ಒಂದೂವರೆ ಸೆಕೆಂಡು. ಬೀಸಿನ ಕೊನೆಗೆ ಕೈ ಮೇಲೇಳುವುದು ಎಲ್ಲರ ಚಾಳಿ. ಪಟ್ಟಿಯ ಅಂಚಿನಲ್ಲಿ ಉಂಗುರ ತಪ್ಪುವುದು ಅದರಿಂದಲೇ. ಪ್ರತಿ ಬೀಸೂ ಹಿಂದಿನದರ ಅರ್ಧ ಜಾಗವನ್ನು ಮತ್ತೆ ಮುಚ್ಚಬೇಕು. ಉದ್ದಕ್ಕೆ ಮುಗಿದ ಮೇಲೆ ಅಡ್ಡಕ್ಕೆ ಇನ್ನೊಮ್ಮೆ: ಮೊಳೆಯ ಮಗ್ಗುಲಲ್ಲಿ ಬಿದ್ದ ಉಂಗುರ ಒಂದು ದಿಕ್ಕಿನಿಂದ ಸತ್ತಂತಿದ್ದು ಇನ್ನೊಂದು ದಿಕ್ಕಿನಿಂದ ಕೂಗಬಹುದು. ಇಳಿಜಾರಿನ ಕಾಫಿ ತೋಟದಲ್ಲಿ ಸಾಲುಗಳ ನಡುವಿನ ತೊಟ್ಟಿಲು ಗುಂಡಿಗಳನ್ನು ಬಿಡಬೇಡಿ. ಮಳೆನೀರೂ ತರಗೆಲೆಯೂ ಹೋಗಿ ಸೇರುವ ಕಡೆಗೇ ಉಂಗುರವೂ ಉರುಳಿರುತ್ತದೆ.

ಸದ್ದು ಬಂದಲ್ಲಿ ಗುದ್ದಲಿ ಎತ್ತಬೇಡಿ. ಮೊದಲು ಕೈಯಿಂದ ತರಗೆಲೆ ಸರಿಸಿ, ಪಿನ್‌ಪಾಯಿಂಟರ್ (ಕೈಯಲ್ಲಿ ಹಿಡಿಯುವ ಕಡ್ಡಿಯಂಥ ಪುಟ್ಟ ಡಿಟೆಕ್ಟರ್) ತುದಿಯಿಂದ ತಡಕಿ. ಸಿಗದಿದ್ದರೆ ಸಣ್ಣ ಕೈಗರಣೆಯಿಂದ ಮೂರು ಕಡೆ ಕೊಯ್ದು ಹುಲ್ಲಿನ ಹೆಂಟೆಯನ್ನು ಬಾಗಿಲಿನಂತೆ ಮಗುಚಿ, ಮಣ್ಣನ್ನು ಗೋಣಿಚೀಲದ ಮೇಲೆ ಹಾಕಿ, ಎರಡು ಪಾಲು ಮಾಡಿ ಯಾವ ಪಾಲು ಕೂಗುತ್ತದೋ ಅದನ್ನು ಮತ್ತೆ ಎರಡು ಮಾಡಿ. ಕಾಫಿ ಗಿಡದ ನೀರು, ಗೊಬ್ಬರ ಹೀರುವ ಬೇರು ಮೇಲುಮಣ್ಣಿನಲ್ಲೇ ಹರಡಿರುತ್ತದೆ, ಬುಡದ ಹತ್ತಿರ ಆಳಕ್ಕೆ ಅಗೆದರೆ ತೋಟದವರು ಇನ್ನೊಮ್ಮೆ ಒಳಗೆ ಬಿಡುವುದಿಲ್ಲ.

ಉಂಗುರ ಕೊಯ್ಲಿನ ವೇಳೆ ಹೋಗಿದ್ದರೆ ಅದು ನೆಲಕ್ಕೇ ಬಿದ್ದಿರಬೇಕೆಂದಿಲ್ಲ, ಹಣ್ಣಿನ ಚೀಲದೊಳಕ್ಕೆ ಜಾರಿರಬಹುದು. ಹಾಗೆ ಅನಿಸಿದ ಕೂಡಲೇ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನಿಲ್ಲಿಸಿ. ಅದಕ್ಕೂ ಮೊದಲು ಹಣ್ಣು ಹಾಯುವ ನೀರಿನ ಸೈಫನ್ ತೊಟ್ಟಿಯಲ್ಲಿ ಜೊಳ್ಳು ಹಣ್ಣು ತೇಲುತ್ತದೆ, ಕಲ್ಲು ಮತ್ತು ಲೋಹ ತಳಕ್ಕೆ ಕೂರುತ್ತದೆ. ಮೊದಲು ಆ ತಳ ನೋಡಿ. ಹಣ್ಣು ಕಣಕ್ಕೆ ಹೋಗಿದ್ದರೆ ಕಾಂಕ್ರೀಟ್ ಕಣದ ಮೇಲೆ ಡಿಟೆಕ್ಟರ್ ನಡೆಯುವುದಿಲ್ಲ, ಒಳಗಿನ ಕಂಬಿಯೆಲ್ಲ ಕೂಗುತ್ತದೆ. ಬುಟ್ಟಿ ಬುಟ್ಟಿಯಾಗಿ ತೆಗೆದು, ಮಣ್ಣಿನ ನೆಲದ ಮೇಲೆ ಹಾಸಿದ ಟಾರ್ಪಾಲಿನಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹರವಿ ಕಾಯಿಲ್ ಆಡಿಸಿ.

ಹಾಸನದ ಆಲೂಗಡ್ಡೆ, ಶುಂಠಿ ಹೊಲಗಳಲ್ಲಿ ಮಾತ್ರ ಆಳದ ಲೆಕ್ಕ ಬರುತ್ತದೆ. ಬಿದ್ದ ಮೇಲೆ ಉಳುಮೆಯಾಗಿದ್ದರೆ ಉಂಗುರ ಒಂದು ಗೇಣು ಕೆಳಗಿರಬಹುದು. ಹನ್ನೊಂದು ಇಂಚಿನ ಕಾಯಿಲಿಗೂ ಅದು ಹೆಚ್ಚುಕಡಿಮೆ ಕೊನೆಯ ಗಡಿ. ಒಂದು ಸಲ ಹುಡುಕಿ, ನಾಲ್ಕಿಂಚು ಮಣ್ಣು ಸರಿಸಿ, ಮತ್ತೆ ಹುಡುಕಬೇಕು. ಗೊಬ್ಬರ ಹಾಕಿದ ಹಸಿ ನೆಲದಲ್ಲಿ ಲವಣದಿಂದಲೂ ಗೊಣಗಾಟ ಬರುತ್ತದೆ, ನಾಲ್ಕು ದಿನ ಒಣಗಲು ಬಿಡುವುದು ಲೇಸು.

ಮದುವೆ ಊಟದ ಕೈ ತೊಳೆಯುವ ಜಾಗದಲ್ಲಿ ಹೋದ ಉಂಗುರ ಬಾಳೆಲೆಯ ಜೊತೆ ತಿಪ್ಪೆ ಸೇರಿರುತ್ತದೆ. ನಾತ ತಡೆದುಕೊಂಡರೆ ಇದರಷ್ಟು ಸುಲಭದ ಹುಡುಕಾಟ ಇಲ್ಲ. ಎಲೆಯಲ್ಲಿ ಲೋಹವಿಲ್ಲ. ಟ್ರ್ಯಾಕ್ಟರ್ ಲೋಡು ಸುರಿದ ಜಾಗ ಕೇಳಿಕೊಂಡು ಅದೇ ದಿನ ಹೋಗಬೇಕು, ಅಷ್ಟೇ.

ನೀರಿನ ಮಾತು. ಮ್ಯಾಗ್ನೆಟ್ಟಿಗೆ ಚಿನ್ನ ಅಂಟುವುದಿಲ್ಲ, ಆದರೂ ಹಗ್ಗಕ್ಕೆ ಮ್ಯಾಗ್ನೆಟ್ ಕಟ್ಟಿ ಬಾವಿಗೆ ಬಿಡುವವರು ಇದ್ದಾರೆ. ಪಾತಾಳಗರಡಿ ಕೊಡ ಎತ್ತೀತು, ಉಂಗುರವನ್ನಲ್ಲ. ಬಾವಿಯಾದರೆ ನೀರು ತೆಗೆಸಿ ಹೂಳನ್ನು ಜರಡಿ ಹಿಡಿಯುವುದೇ ದಾರಿ. ಹಳ್ಳದಲ್ಲಿ 22 ಕ್ಯಾರೆಟ್ ಚಿನ್ನ ನೀರಿಗಿಂತ ಹದಿನೇಳು ಪಟ್ಟಿಗೂ ಹೆಚ್ಚು ಭಾರ. ಅದು ತೇಲಿ ದೂರ ಹೋಗದೆ ಹತ್ತಿರದ ಬಂಡೆಯ ಸಂದಿಗೆ, ಮರಳಿನ ಕೆಳಗೆ ಇಳಿಯುತ್ತದೆ. ಬಿದ್ದ ಜಾಗದಿಂದ ಕೆಳಕ್ಕೆ ಮೊದಲ ಗುಂಡಿ ಎಲ್ಲಿದೆಯೋ ಅಲ್ಲಿಂದ ಶುರುಮಾಡಿ. ಹತ್ತು ಎಂಎಂ ತೂತಿನ ಸ್ಟೀಲ್ ಸ್ಕೂಪು ಉಂಗುರಕ್ಕೆ ಸರಿ, ಮೂಗುಬೊಟ್ಟಿಗೆ ಜರಡಿ ಬೇಕು. ಬಹಳ ಯಂತ್ರಗಳಲ್ಲಿ ನೀರಿಗಿಳಿಸಬಹುದಾದ್ದು ಕಾಯಿಲ್ ಮಾತ್ರ, ಮೇಲಿನ ಡಬ್ಬಿಯಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಿ. ಗೊರೂರಿನ ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿ ಚರ್ಚಿನ ಸುತ್ತ ಫೋಟೋ ತೆಗೆಸುವಾಗ ಕಳೆದದ್ದಾದರೆ ಬೇಸಿಗೆಯಲ್ಲಿ ನೀರು ಇಳಿಯುವವರೆಗೆ ಕಾಯಿರಿ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಕೆಸರಿನಲ್ಲಿ ಕಾಲು ಹೂತುಕೊಂಡವರ ಪಾಡು ಬೇರೆ.

ಎಲ್ಲಿ ಹುಡುಕಬಾರದು ಎನ್ನುವುದೂ ಇದೆ. ಬೇಲೂರು, ಹಳೇಬೀಡು ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಇಂಥ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ನೆಲ ಕೆದಕುವುದು ಅಪರಾಧ. ಅಲ್ಲಿ ಉಂಗುರ ಬಿದ್ದರೆ ಸಿಬ್ಬಂದಿಗೆ ಬರೆದುಕೊಟ್ಟು ಬನ್ನಿ. ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ನಿಧಿ ಕಾಯ್ದೆಯೂ ಇದೆ: ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಉಂಗುರ ಹುಡುಕುವಾಗ ಹಳೆಯ ನಾಣ್ಯದ ಗಡಿಗೆ ಸಿಕ್ಕಿತೆಂದು ಖುಷಿಪಡುವ ಹಾಗಿಲ್ಲ.

ಕಾನೂನಿಗಿಂತ ಮೊದಲು ಎದುರಾಗುವುದು ಊರಿನವರ ಅನುಮಾನ. ಡಿಟೆಕ್ಟರ್ ಹಿಡಿದ ಅಪರಿಚಿತ ಎಂದರೆ ನಿಧಿಗಳ್ಳ ಎಂದೇ ಲೆಕ್ಕ. ಹಗಲಲ್ಲೇ ಹೋಗಿ, ಜಮೀನಿನವರನ್ನೂ ಉಂಗುರ ಕಳೆದವರನ್ನೂ ಜೊತೆಗಿಟ್ಟುಕೊಳ್ಳಿ, ಅಕ್ಕಪಕ್ಕದ ಮನೆಗೆ ಮೊದಲೇ ಹೇಳಿ. ಅಮಾವಾಸ್ಯೆಯ ಆಸುಪಾಸು ಬೇಡವೇ ಬೇಡ. ಚೀಲದಲ್ಲಿ ಜಿಗಣೆಗೆಂದು ಉಪ್ಪು ಇರಲಿ. ಪಾನಕಕ್ಕೆಂದು ತಂದ ನಿಂಬೆಹಣ್ಣು ಕಾರಿನಲ್ಲೇ ಉಳಿಯಲಿ.

ಸಿಕ್ಕ ಉಂಗುರವನ್ನು ಅಲ್ಲೇ ಉಜ್ಜಬೇಡಿ, ಮಣ್ಣಿನ ಹರಳು ಚಿನ್ನವನ್ನು ಗೀರುತ್ತದೆ. ಕಲ್ಲು ಕೂರಿಸಿದ್ದರೆ ಬಟ್ಟಲಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಆ ನೀರನ್ನು ಬಟ್ಟೆಯಲ್ಲಿ ಸೋಸಿ, ಕಲ್ಲು ಉದುರಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸೊಟ್ಟಗಾಗಿದ್ದರೆ ಬೆರಳಿಗೆ ತುರುಕಿ ನೆಟ್ಟಗೆ ಮಾಡಲು ಹೋಗದೆ ಅಕ್ಕಸಾಲಿಗರ ಹತ್ತಿರ ಒಯ್ಯಿರಿ, ಅಳತೆಯನ್ನೂ ಒಂದು ಸುತ್ತು ಬಿಗಿ ಮಾಡಿಸಿ. ಅಳತೆ ಕೊಡಲು ತಂಪು ಹೊತ್ತಿನಲ್ಲಿ ಹೋಗಿ.