ಹೆಗ್ಗೋಡಿನಲ್ಲಿ ನಾಟಕ ನೋಡಿದ್ದು

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಇಳಿದೆ. ಹೆಗ್ಗೋಡಿನ ಬಸ್ಸು ಕಣ್ಣೆದುರೇ ಹೊರಟುಹೋದದ್ದರಿಂದ ಎರಡು ಲೋಟ ಕಾಫಿ ಕುಡಿದು ಮುಂದಿನ ಬಸ್ಸಿಗೆ ಕಾಯಬೇಕಾಯಿತು. ಅಲ್ಲಿಂದಾಚೆಗಿನ ದಾರಿ ಚಿಕ್ಕದು: ಅಡಿಕೆ ತೋಟ, ಹೆಂಚಿನ ಮನೆ, ಮಳೆಗಾಲ ಮುಗಿದರೂ ಆರದ ಹಸಿರು.

ನಾನು ಹೊರಟದ್ದು ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನ ಸಂಸ್ಕೃತಿ ಶಿಬಿರಕ್ಕೆ. 1949ರಲ್ಲಿ ಊರಿನವರು ಕಟ್ಟಿಕೊಂಡ ಈ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕೆ.ವಿ. ಸುಬ್ಬಣ್ಣನವರ ಆರೈಕೆಯಲ್ಲಿ ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’ವನ್ನೂ ಆರಂಭಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಷ್ಟನ್ನು ಓದಿ ತಿಳಿದಿದ್ದೆ. ನಾನು ನೋಡಬೇಕೆಂದುಕೊಂಡಿದ್ದು ಅಲ್ಲಿನ ಪ್ರೇಕ್ಷಕರನ್ನು. ನಾಟಕ ಸಮಾಜವನ್ನು ತಿದ್ದುತ್ತದೆ ಎಂಬ ಮಾತಿನ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ನಮ್ಮ ನಗರದಲ್ಲಿ ಕಲಾವಿದರು ಕೈಮುಗಿಯುವ ಮೊದಲೇ ಅರ್ಧ ಸಭೆ ಗಾಡಿ ತೆಗೆಯಲು ಎದ್ದಿರುತ್ತದೆ.

ಸಂಜೆ ಶಿವರಾಮ ಕಾರಂತ ರಂಗಮಂದಿರದಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತ ಹಿರಿಯರು ಎಲೆಅಡಿಕೆಯ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು, “ಈ ಸಲ ಅಡಿಕೆಗೆ ಕೊಳೆರೋಗ ಜೋರು ಮಾರಾಯ್ರೆ, ಔಷಧಿ ಹೊಡೆದರೂ ನಿಲ್ಲಲಿಲ್ಲ” ಎಂದು ತೋಟದ ಕಷ್ಟ ಹೇಳಿಕೊಳ್ಳುತ್ತಿದ್ದರು. ದೀಪ ಆರಿದೊಡನೆ ಅವರ ಮಾತು ನಿಂತಿತು, ಸಂಚಿಯ ದಾರ ಬಿಚ್ಚಿದ ಬೆರಳು ನಾಟಕ ಮುಗಿಯುವತನಕ ಹಾಗೆಯೇ ಇತ್ತು. ಹೊರಗೆ ಬಂದ ಮೇಲೆ ಅವರೇ ಶುರುಮಾಡಿದರು: “ಆ ಹುಡುಗ ಅಷ್ಟು ಬೇಗ ಒಳಗೆ ಹೋಗಬಾರದಿತ್ತು. ಅವಳ ಮಾತು ನಮಗಿನ್ನೂ ಇಳಿದಿರಲಿಲ್ಲ.” ನಾನು ಕಥೆ ಹಿಂಬಾಲಿಸುವುದರಲ್ಲಿದ್ದೆ, ಆ ನಿರ್ಗಮನವನ್ನು ಗಮನಿಸಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅದೇ ನಾಟಕದ ಮೇಲೆ ಚರ್ಚೆ. ವಿದ್ವಾಂಸರ ಪರಿಭಾಷೆ ಆಗಾಗ ಭಾರವಾಯಿತೆಂಬುದನ್ನು ಮುಚ್ಚಿಡಲಾರೆ. ಆದರೆ ಹಿಂದಿನ ಸಾಲಿನಿಂದ ಎದ್ದ ಶಿಕ್ಷಕಿಯೊಬ್ಬರು, ಕೊನೆಯ ದೃಶ್ಯದಲ್ಲಿ ಹೆಂಗಸರೆಲ್ಲ ಏಕೆ ಮೌನವಾಗಿದ್ದಾರೆ ಎಂದು ಕೇಳಿದ ಮೇಲೆ ಮಾತು ರಂಗದಿಂದ ಮನೆಯ ಜಗುಲಿಗೆ, ಜಗುಲಿಯಿಂದ ಪಂಚಾಯತಿಗೆ ಹರಿದು, ಊಟದ ಸಾಲಿನಲ್ಲಿಯೂ ನಿಲ್ಲಲಿಲ್ಲ. ನಾಟಕ ಏನನ್ನು ಬೋಧಿಸಿತು ಎಂಬುದಕ್ಕಿಂತ, ಒಂದೇ ಸಂಗತಿಯನ್ನು ಒಟ್ಟಿಗೆ ಕಂಡ ಜನ ಅದರ ಬಗ್ಗೆ ಭಿನ್ನವಾಗಿ ಯೋಚಿಸುತ್ತ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು ಎಂಬುದು ನನಗೆ ಹೆಚ್ಚಿನದಾಗಿ ತೋರಿತು. ಇದು ಒಂದು ದಿನದಲ್ಲಿ ಬರುವ ಅಭ್ಯಾಸವಲ್ಲ. ದಶಕಗಳ ಕಾಲ ನೋಡಿ ನೋಡಿ ಪಳಗಿದ್ದು.

ಹಿಂದಿನ ರಾತ್ರಿ ರಾಜನಾಗಿ ಮೆರೆದವನು ಮಧ್ಯಾಹ್ನ ಬನಿಯನ್ ತೊಟ್ಟು ಮರದ ಮೆಟ್ಟಿಲನ್ನು ಹೆಗಲಿಗೇರಿಸಿಕೊಂಡು ಹೋಗುತ್ತಿದ್ದ. ತಿರುಗಾಟದಲ್ಲಿ ಆಡುವವರೇ ಹೊರುವವರು. ಮುಂದೆ ಊರೂರು ಸುತ್ತುವಾಗಲೂ ರಂಗಸಜ್ಜಿಕೆ ಕಟ್ಟಿ ಬಿಚ್ಚುವುದು ಅವರದೇ ಕೆಲಸ.

ಹೊರಡುವ ದಿನ ಬಸ್ಸಿಗೆ ನಿಂತಿದ್ದಾಗ ಹಿರಿಯರು ಮತ್ತೆ ಸಿಕ್ಕರು. “ನಿಮ್ಮ ಕಡೆ ಈ ನಾಟಕ ಬಂದರೆ ನೋಡಿ. ಆ ಹುಡುಗ ಈಗಲಾದರೂ ನಿಂತು ಹೋಗುತ್ತಾನೋ ಎಂದು ತಿಳಿಸಿ” ಎಂದು ತಮ್ಮ ಫೋನ್ ನಂಬರು ಬರೆಸಿಕೊಟ್ಟರು.