ಗ್ರೀಕ್ ಇತಿಹಾಸ ಓದೋಕೆ ಗ್ರೀಸ್‌ಗೇ ಹೋಗಬೇಕಿತ್ತಾ?

ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಈ ಪ್ರಶ್ನೆ ಬಿಟ್ಟಿಲ್ಲ. "ಅಷ್ಟು ದುಡ್ಡು ಸುರಿದು ಅಥೆನ್ಸ್‌ಗೆ ಹೋಗಿ ಓದೋದೇನಿತ್ತು, ಎಲ್ಲಾ ಯೂಟ್ಯೂಬ್‌ನಲ್ಲೇ ಇದೆಯಲ್ಲ?" ಅಂತ ಹೋದ ವಾರ ಮಾವನೂ ಕೇಳಿದರು.

ಬರೀ ಅಕ್ರೊಪೊಲಿಸ್ ಬೆಟ್ಟದ ಮೇಲಿನ ಪಾರ್ಥೆನಾನ್ ದೇವಸ್ಥಾನ ನೋಡೋಕಾಗಿದ್ದರೆ ಬೇಕಿರಲಿಲ್ಲ. ಸುಡುಬಿಸಿಲು, ಜನಜಂಗುಳಿ. ಫೋಟೋದಲ್ಲೇ ಚೆನ್ನಾಗಿ ಕಾಣುತ್ತದೆ.

ನನ್ನ ದುಡ್ಡು ವಸೂಲಾಗಿದ್ದು ಆ ಬೆಟ್ಟದ ಕೆಳಗೆ, ಅಗೋರಾದಲ್ಲಿ. ಹಳೇ ಅಥೆನ್ಸ್‌ನ ಪೇಟೆ ಅದು. ಅಲ್ಲಿನ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯೊಂದರಲ್ಲಿ ಅಂಗೈಯಷ್ಟಗಲದ ಮಡಕೆ ಚೂರುಗಳಿವೆ, ಮೇಲೆ ಚೂಪಾದ ಯಾವುದರಿಂದಲೋ ಕೆರೆದು ಬರೆದ ಹೆಸರುಗಳು. ಯಾರಾದರೂ ಜಾಸ್ತಿ ಬಲಿಯುತ್ತಿದ್ದಾರೆ ಅನ್ನಿಸಿದರೆ ಜನ ಅವರ ಹೆಸರು ಬರೆದು ಹಾಕುತ್ತಿದ್ದರು. ಆರೋಪ, ವಿಚಾರಣೆ ಏನೂ ಇಲ್ಲ, ಯಾರ ಹೆಸರಿನ ಚೂರು ಹೆಚ್ಚು ಬಿತ್ತೋ ಅವರು ಸುಮ್ನೆ 10 ವರ್ಷ ಊರು ಬಿಡಬೇಕು. ಕ್ರಿ.ಪೂ. 480ರಲ್ಲಿ ಸಲಾಮಿಸ್‌ನಲ್ಲಿ ಪರ್ಷಿಯಾದ ಹಡಗುಗಳನ್ನು ಸೋಲಿಸಿದ ಥೆಮಿಸ್ಟೊಕ್ಲೆಸ್‌ನನ್ನೂ ಹೀಗೇ ಓಡಿಸಿದರು. ಇಷ್ಟು ನಾನು ಇಲ್ಲೇ ಓದಿದ್ದೆ, "ಆಹಾ, ಪ್ರಜಾಪ್ರಭುತ್ವ!" ಅಂದುಕೊಂಡೂ ಇದ್ದೆ.

ನಮ್ಮ ಮೇಡಂ ಮಾತ್ರ ಹೆಸರು ಬಿಡಿ, ಅಕ್ಷರ ನೋಡಿ ಅಂದರು. ಬರೆದವರ ಕೈ ಹೇಗಿದೆ, ಎಲ್ಲಿ ಒತ್ತಿದ್ದಾರೆ, ಗೆರೆ ಎಲ್ಲಿ ಜಾರಿದೆ ಅಂತ ಅರ್ಧ ಗಂಟೆ ಬಗ್ಗಿ ನೋಡಿದೆವು. ಆಮೇಲೆ ಹೇಳಿದರು: ಅಕ್ರೊಪೊಲಿಸ್‌ನ ಉತ್ತರದ ಇಳಿಜಾರಿನ ಒಂದು ಬಾವಿಯಲ್ಲಿ ಥೆಮಿಸ್ಟೊಕ್ಲೆಸ್ ಹೆಸರಿನ ಇಂಥ 190 ಚೂರು ಸಿಕ್ಕವು, ಅಷ್ಟನ್ನೂ ಬರೆದ ಕೈಗಳು ಸುಮಾರು 14. ಅಂದರೆ ಯಾರೋ ಮೊದಲೇ ಕೂತು ಬರೆದು, ಹಂಚೋಕೆ ರೆಡಿ ಇಟ್ಟಿದ್ದರು ಅಂತ ಕಾಣುತ್ತದೆ! ನಮ್ಮಲ್ಲಿ ಬೂತ್ ಹೊರಗೆ ಟೇಬಲ್ ಹಾಕಿಕೊಂಡು ಕೂರುವ ಪಕ್ಷದ ಹುಡುಗರು ನೆನಪಾದರು. ಈ 190, 14ರ ಲೆಕ್ಕ ಪುಸ್ತಕದಲ್ಲೂ ಇದೆ, ನಾನೇ ಆಮೇಲೆ ನೋಡಿದೆ. ಆದರೆ ಅಕ್ಷರದ ಮುಂದೆ ಬಗ್ಗಿ ನಿಲ್ಲದಿದ್ದರೆ ಆ ಸಾಲನ್ನು ದಾಟಿಕೊಂಡು ಹೋಗುತ್ತಿದ್ದೆ.

ಇನ್ನು ಭಾಷೆ. ಗ್ರೀಕರು "ಬೇಡ" ಅನ್ನೋಕೆ ತಲೆ ಮೇಲಕ್ಕೆತ್ತಿ "ತ್ಚ್" ಅಂತಾರೆ, ಥೇಟ್ ನಮ್ಮಜ್ಜಿ ಥರ, ಅದರಲ್ಲೇನೂ ತೊಂದರೆ ಆಗಲಿಲ್ಲ. ಎಡವಿದ್ದು "ಹೌದು" ಹತ್ತಿರ. ಅದಕ್ಕೆ ಅವರು "ನೇ" ಅಂತಾರೆ. ಬಸ್ ಸಮುದ್ರದಂಚಿನ ಸೂನಿಯೊನ್‌ಗೆ ಹೋಗುತ್ತಾ ಅಂತ ಡ್ರೈವರ್‌ನ ಕೇಳಿದೆ, ಆತ "ನೇ, ನೇ" ಅಂದ. ನನ್ನ ಕಿವಿಗೆ ಅದು ಹಿಂದಿಯ "ನಹೀ". ಥ್ಯಾಂಕ್ಸ್ ಹೇಳಿ ಇಳಿದುಬಿಟ್ಟೆ. ಬಸ್ ಹೋಯಿತು, ಕ್ಲಾಸಿನವರೆಲ್ಲ ಅದರೊಳಗೇ ಇದ್ದರು, ಹಿಂದಿನ ಕಿಟಕಿಯಿಂದ ಕೈ ಬೀಸುತ್ತಿದ್ದರು.